ನೂಲಿಲ್ಲದ ಮಗ್ಗ

ದೆವ್ವ ಪಿಶಾಚಿಯ ಮಾತು ಬಂದರೆ ಹರೆಯದಲ್ಲಿ ನಾನು ಸಿಟ್ಟಿಗೆದ್ದು ಹೊರಟುಬಿಡುತ್ತಿದ್ದೆ. ಜಕ್ಕಲಿಯ ನಮ್ಮ ಮನೆ ಕಟ್ಟೆಯ ಮೇಲೆ ಹಿರಿಯರು ಇಂಥ ಕತೆ ತೆಗೆದರೆ, ಕಂಡವರನ್ನು ಕರೆತನ್ನಿ ನೋಡೋಣ ಎಂದು ವಾದಕ್ಕೆ ನಿಲ್ಲುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಕಂಡು ಕೇಳಿದ್ದಕ್ಕೆ ಒಂದು ಮಾತೂ ಸೇರಿಸುವುದಿಲ್ಲ.

ಐವತ್ತರ ದಶಕ. ನಮ್ಮ ಭಾಗ ಇನ್ನೂ ಮುಂಬೈ ಸರಕಾರದ ಕೈಯಲ್ಲಿತ್ತು. ಓದು ಮುಗಿಸಿದ ನನಗೆ ಬಡತನ ಅಳೆಯುವ ಕೆಲಸ ಸಿಕ್ಕಿತು. ನಗಬೇಡಿ, ಅದೇ ಕೆಲಸ. ಆರಿಸಿದ ಮನೆಗಳಿಗೆ ಹೋಗಿ ಕಳೆದ ತಿಂಗಳು ಜೋಳ ಎಷ್ಟು ಉಂಡಿರಿ, ಎಣ್ಣೆ ಎಷ್ಟು, ದುಡಿಯುವವರು ಯಾರು ಎಂದು ಕೇಳಿ ಬರೆದುಕೊಳ್ಳುವುದು. ಬೆಳಗಿನಿಂದ ಒಲೆ ಹೊತ್ತಿಸದ ಮನೆಯಲ್ಲೂ ತುಪ್ಪದ ಲೆಕ್ಕ ಕೇಳಬೇಕು. ಬಿಟ್ಟರೆ ಮೇಲಿನವರಿಂದ ಬೈಗುಳ. ಚಿಕ್ಕನರಗುಂದದ ಒಬ್ಬ ಮುದುಕಿ ನನ್ನ ತುಪ್ಪದ ಪ್ರಶ್ನೆಗೆ ಉತ್ತರ ಕೊಡದೆ, ನನಗೆ ಕುಡಿಯಲು ಮಜ್ಜಿಗೆ ಬೇಡಿ ತರಲು ನೆರೆಮನೆಗೆ ಹೋದಳು. ಅಂಥ ನಾಚಿಕೆಗೇಡಿನ ಕೆಲಸ ಅದು.

ಆ ಸಲ ಗಜೇಂದ್ರಗಡದ ನೇಕಾರರ ಓಣಿಯ ಸರದಿ. ನೂಲು ಸಿಗದೆ ಎಷ್ಟೋ ಮಗ್ಗಗಳು ನಿಂತಿದ್ದವು. ಸಮೀಕ್ಷೆಯ ಜೊತೆಗೇ ಮಗ್ಗ ನಿಂತ ಮನೆಗಳನ್ನೂ ಗುರುತಿಸಬೇಕು, ಅಂಥ ನೇಕಾರರಿಗೆ ಸರಕಾರ ಜೋಳ ಕೊಡುತ್ತದೆ ಎಂದು ಹುಕುಂ ಬಂದಿತ್ತು. ನನ್ನ ಕೆಲಸ ತಪಾಸು ಮಾಡಲು ಧಾರವಾಡದಿಂದ ಸಾಹೇಬರು ಬಂದಿದ್ದರು. ರೋಣದ ಬಸ್ಸಿನಿಂದ ಇಳಿದು ಟೋಪಿಯ ಧೂಳು ಝಾಡಿಸುತ್ತಲೇ, ಬಡವರೆಲ್ಲ ಸುಳ್ಳರು, ಹುಷಾರಾಗಿರು ಎಂದು ನನಗೆ ಪಾಠ ಹೇಳಿದ ಮನುಷ್ಯ.

ಸಂಜೆ ಹೊತ್ತಿಗೆ ನೀಲವ್ವ ಎಂಬಾಕೆಯ ಮನೆಗೆ ಹೋದೆವು. ಗಂಡ ಹಿಂದಿನ ವರ್ಷ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಇಬ್ಬರು ಸಣ್ಣ ಹೆಣ್ಣುಮಕ್ಕಳು. ಪಡಸಾಲೆಯಲ್ಲಿ ಕಂಬಳಿ ಹಾಸಿ ನಮ್ಮನ್ನು ಕೂರಿಸಿದಳು. ಮಕ್ಕಳು ಸಾಹೇಬರ ಬುತ್ತಿಯ ಗಂಟಿನ ಮೇಲಿಂದ ಕಣ್ಣು ಕೀಳಲಿಲ್ಲ. ನೂಲು ಸಿಕ್ಕರೆ ನಾನೇ ಕೂತು ನೇಯುತ್ತಿದ್ದೆ, ಆದರೆ ಯಜಮಾನರು ಹೋದಾಗಿನಿಂದ ಮನೆಗೆ ಒಂದು ಎಳೆ ನೂಲು ಬಂದಿಲ್ಲ ಎಂದಳು. ಮಗ್ಗ ನಿಂತಿದೆ ಎಂದು ನಾನು ಬರೆಯತೊಡಗಿದೆ.

ಆಗ ಒಳಕೋಣೆಯಲ್ಲಿ ಮಗ್ಗದ ಸದ್ದು ಶುರುವಾಯಿತು. ಲಾಳಿ ಆಚೆ ಈಚೆ ಓಡುವ ಸದ್ದು, ಅದರ ಹಿಂದೆಯೇ ಎಳೆ ಬಿಗಿಯುವ ಹಣಿಗೆಯ ಬಡಿತ. ನೇಕಾರರ ಓಣಿಯಲ್ಲಿ ಒಮ್ಮೆ ಓಡಾಡಿದವರಿಗೂ ಗೊತ್ತಿರುವ ಸದ್ದು. ಸಾಹೇಬರು ಕಳ್ಳ ಸಿಕ್ಕ ಎಂಬ ಮುಖದಲ್ಲಿ ಎದ್ದು ಒಳಗೆ ನುಗ್ಗಿದರು, ಹಿಂದೆ ನಾನು. ನಾವು ಕಾಲಿಡುತ್ತಲೇ ಸದ್ದು ನಿಂತಿತು. ನೆಲದ ಕುಣಿಗೆ ಹೊಂದಿಸಿದ ಮಗ್ಗ ಬೋಳಾಗಿ ನಿಂತಿತ್ತು. ಹಾಸಿನ ಎಳೆಯಿಲ್ಲ, ನೂಲಿಲ್ಲ, ಕಂಬದಿಂದ ಕಂಬಕ್ಕೆ ಜೇಡ ಬಲೆ ಕಟ್ಟಿತ್ತು. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದರ ಪಕ್ಕದಲ್ಲೇ ನಾವು ಕೂತಿದ್ದೆವು.

ಸಾಹೇಬರ ಮುಖವೂ ಒಂದು ಕ್ಷಣ ಬಿಳಚಿಕೊಂಡದ್ದನ್ನು ನಾನು ನೋಡಿದೆ. ಆದರೆ ಅವರು ಹೆದರಿದಷ್ಟೂ ಜೋರು ಮಾಡುವ ಜಾತಿ.

"ಮಗ್ಗ ಚಾಲೂ ಅದ, ದುಡಿಯೋ ಗಂಡಸು ಒಬ್ಬ ಇದ್ದಾನ ಅಂತ ಬರೀರಿ" ಎಂದರು. ಜೇಡರ ಬಲೆ ತೋರಿಸಿದೆ. "ನನ್ನ ಕಿವೀಲೆ ಕೇಳೀನಿ. ಬರೀರಿ."

ನಾನು ಬರೆಯಲಿಲ್ಲ. ಹಾಳೆ ಕಸಿದುಕೊಂಡು ತಾವೇ ಬರೆದರು.

ನೀಲವ್ವ ಗೋಡೆಗೆ ಒರಗಿ ನಿಂತಿದ್ದಳು. "ಅವರ ರೀ. ದಿನಾ ಇದ ಹೊತ್ತಿಗೆ ಮಗ್ಗಕ್ಕ ಕುಂದರತಾರ. ಆದ್ರ ಒಂದ ಸೀರಿನೂ ಆಗಿಲ್ರಿ" ಎಂದಳು. ದನಿಯಲ್ಲಿ ಹೆದರಿಕೆ ಇರಲಿಲ್ಲ.

ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ. ಬದುಕಿರುವ ಹೆಂಗಸು ಹಸಿದಿದ್ದೇವೆ ಎಂದರೆ ಅದು ಸುಳ್ಳು. ಸತ್ತವನ ಮಗ್ಗದ ಸದ್ದು ಮಾತ್ರ ಖರೆ. ಆ ಹಾಳೆ ಮುಂಬೈಗೆ ಹೋಯಿತು. ನಮ್ಮ ಭಾಗದ ಬಡತನದ ಲೆಕ್ಕದಲ್ಲಿ ಒಬ್ಬ ಸತ್ತ ಮನುಷ್ಯ ದುಡಿಯುವವರ ಸಾಲಿನಲ್ಲಿ ಕೂತಿದ್ದಾನೆ. ದೊಡ್ಡ ದೊಡ್ಡವರು ಅದರ ಮೇಲೆ ಭಾಷಣ ಮಾಡಿರಬೇಕು.

ಓಣಿಗೆ ಜೋಳ ಬಂತು. ನೀಲವ್ವನಿಗೆ ಕೊಡಲಿಲ್ಲ. ಸುದ್ದಿ ತಿಳಿದು ನಾನು ಮತ್ತೆ ಹೋದೆ. ಒಳಕೋಣೆಯಲ್ಲಿ ಮಗ್ಗವೇ ಇರಲಿಲ್ಲ. ಒಂದೊಂದೇ ಕಟ್ಟಿಗೆ ಮುರಿದು ಒಲೆಗೆ ಹಾಕಿದ್ದಳು, ಕುಣಿಗೆ ಮಣ್ಣು ತುಂಬಿ ಸಗಣಿ ಸಾರಿಸಿದ್ದಳು.

"ಈಗರೆ ಮಗ್ಗ ಇಲ್ಲಂತ ಬರಕೋರಿ ಅಣ್ಣಾರ" ಎಂದಳು.

ಆ ಸಾರಿಸಿದ ನೆಲದ ಮೇಲೇ ಕೂತು ಬರೆಯುತ್ತಿದ್ದೆ. ಹೊರಗೆ ಇನ್ನೂ ಬೆಳಕಿತ್ತು. ನನ್ನ ಕೆಳಗೆ, ಮಣ್ಣಿನೊಳಗಿಂದ, ಮಗ್ಗ ಬಡಿಯತೊಡಗಿತು. ತೊಡೆಗೆ ಅದರ ಅದುರು ತಾಗುತ್ತಿತ್ತು. ಮಕ್ಕಳು ತಲೆ ಎತ್ತಿಯೂ ನೋಡಲಿಲ್ಲ. ನೀಲವ್ವ ಎದ್ದು ಬಂದು ಹಿಮ್ಮಡಿಯಿಂದ ನೆಲಕ್ಕೆ ಗುದ್ದಿದಳು.

"ಸಾಕ ಮಾಡ್ರಿ ಇನ್ನ. ನೀವು ದುಡಿಯಾಕತ್ತೀರಂತ ನಿಮ್ಮ ಮಕ್ಕಳಿಗೆ ಜೋಳ ಕೊಡವಲ್ರು."

ಸದ್ದು ನಿಂತಿತು. ಅಲ್ಲಿಯವರೆಗೆ ಕಣ್ಣೀರು ಹಾಕದ ಹೆಂಗಸು, ಅದು ನಿಂತ ಮೇಲೆ ಅತ್ತಳು. ನಾನು ಬರವಣಿಗೆ ಮುಗಿಸಿ ಎದ್ದೆ.

ಹೊಸ ಹಾಳೆಯನ್ನು ಧಾರವಾಡಕ್ಕೆ ಒಯ್ದು ಸಾಹೇಬರ ಮುಂದೆ ಇಟ್ಟೆ. ಓದಿ ಪಕ್ಕಕ್ಕೆ ಸರಿಸಿದರು. "ಜೋಳ ಇರೋದು ನೇಕಾರರಿಗೆ. ಮಗ್ಗ ಇಲ್ಲದಾಕಿ ನೇಕಾರಳು ಹ್ಯಾಂಗ ಆಗತಾಳ?"

ಆ ದಿನ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಕೆಲಸವೂ ಅಂದೇ ಹೋಯಿತು. ಮುಂದೆ ಗಜೇಂದ್ರಗಡಕ್ಕೆ ಹೋದಾಗ ನೀಲವ್ವ ಮಕ್ಕಳನ್ನು ಕಟ್ಟಿಕೊಂಡು ಗದಗಿನ ಹತ್ತಿ ಗಿರಣಿಗೆ ಕೂಲಿಗೆ ಹೋದಳೆಂದು ಓಣಿಯವರು ಹೇಳಿದರು. ಅಲ್ಲಿ ಹುಡುಕಿದೆ, ಸಿಗಲಿಲ್ಲ.

ಆ ಸದ್ದು ಏನೆಂದು ನನಗೆ ಇಂದಿಗೂ ಗೊತ್ತಿಲ್ಲ. ಇಲಿ ಇರಬೇಕು, ಪಕ್ಕದ ಮನೆಯ ಮಗ್ಗ ಇರಬೇಕು, ಭ್ರಮೆ ಇರಬೇಕು ಎಂದು ಓದಿದ ಗೆಳೆಯರು ತಲೆಗೊಂದು ಮಾತು ಹೇಳಿದ್ದಾರೆ. ಯಾವುದೂ ಆ ಸಾರಿಸಿದ ನೆಲಕ್ಕೆ ಹೊಂದುವುದಿಲ್ಲ. ಈ ಕತೆ ಹೇಳಿದಲ್ಲೆಲ್ಲ ಜನ ಹತ್ತಿರ ಸರಿದು, ಆಮೇಲೂ ಸದ್ದು ಕೇಳಿಸಿತೇ ಎಂದು ಕೇಳುತ್ತಾರೆ. ಆಮೇಲೆ ಆ ಮಕ್ಕಳು ಏನು ಉಂಡವು ಎಂದು ಈವರೆಗೆ ಒಬ್ಬರೂ ಕೇಳಿಲ್ಲ.