ಹಣೆ ತಣ್ಣಗಿದೆ ಎಂಬ ಸುದ್ದಿ

ಹೋದ ವಾರ ನಾನೊಂದು ತಪ್ಪು ಸುದ್ದಿ ಕಳಿಸಿದೆ. ಪತ್ರಿಕೆಗಲ್ಲ, ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ. ‘ಅಕ್ಕನಿಗೆ ಜ್ವರ ಬಿಟ್ಟಿದೆ.’ ಹನ್ನೊಂದು ಮಂದಿ ಕೈಮುಗಿದರು.

ಅಕ್ಕ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಾಳೆ. ಈಚೆಗೆ ಮಷಿನ್ ಸೂಜಿ ಬೆರಳಿಗೆ ಹೊಕ್ಕಿತ್ತು. ಬಟ್ಟೆ ಸುತ್ತಿಕೊಂಡು ಮುಂದಿನ ಪ್ಯಾಂಟ್ ಎತ್ತಿಕೊಂಡಳು. (ಅಲ್ಲಿ ಎಲ್ಲರೂ ಹಾಗೇ.) ನಾಲ್ಕನೇ ದಿನ ಚಳಿಜ್ವರ. ಅವಳ ಯೂನಿಟ್‌ನಲ್ಲಿ ರಜೆಯ ಕ್ರಮ ಸರಳ: ಸೂಪರ್‌ವೈಸರ್ ಮೇಡಂ ಹಣೆ ಮುಟ್ಟುತ್ತಾರೆ. ಬಿಸಿಯಿದ್ದರೆ ಮನೆಗೆ, ತಣ್ಣಗಿದ್ದರೆ ಮಷಿನ್ನಿಗೆ. ಆರ್ಡರ್ ಮುಗಿಯಲಿ ಎಂದು ಅಕ್ಕ ಎರಡು ದಿನ ಮಾತ್ರೆ ನುಂಗಿ, ಹಣೆ ತಣ್ಣಗೆ ಮಾಡಿಕೊಂಡೇ ಹೋದಳು.

ಭಾನುವಾರ ನಾನು ಹೋದಾಗ ಮಲಗಿದ್ದಳು. ನಾನೂ ಹಣೆಯನ್ನೇ ಮುಟ್ಟಿದೆ. ತಣ್ಣಗಿತ್ತು. ಮೆಸೇಜ್ ಹಾಕಿದೆ.

ಕುರಿ ಕಾಯ್ದು ಬಾಳಿದ ಅಕ್ಕನ ಅತ್ತೆ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

‘ಜ್ವರ ಬಿಟ್ಟೈತ್ರಿ ಅತ್ತಿ’ ಎಂದೆ.

‘ನೀ ಹಣಿ ನೋಡ್ದಿ. ಮುಂಜಾನಿಂದ ಆಕಿ ನನಗ ಒಂದ್ ಸಲಾನೂ ಬೈದಿಲ್ಲ ತಮ್ಮಾ.’

ಅಕ್ಕನ ಭುಜ ಅಲುಗಿಸಿದರು. ‘ಏ, ನಾ ಯಾರು ಹೇಳು?’

ಅಕ್ಕ ಕಣ್ಣು ತೆರೆದು ಬಹಳ ಹೊತ್ತು ನೋಡಿದಳು. ‘ಇನ್ನೆರಡು ಪೀಸ್ ಐತ್ರಿ ಮೇಡಂ.’

‘ಬ್ಯಾನಿ ಬಿದ್ದ ಕುರಿ ಕಿವಿ ತಣ್ಣಗಾತಂದ್ರ ನಾವು ಖುಷಿ ಪಡಂಗಿಲ್ಲ’ ಎಂದರು ಅತ್ತೆ. ‘ಆಟೋ ಕರಿ.’

ಆಸ್ಪತ್ರೆಯಲ್ಲಿ ಗೊತ್ತಾಯಿತು, ಬೆರಳಿನ ಸೋಂಕು ರಕ್ತಕ್ಕೆ ಸೇರಿತ್ತು. ಎರಡು ದಿನ ಅಕ್ಕ ಉಳಿಯುವಳೋ ಇಲ್ಲವೋ ಎಂದು ಡಾಕ್ಟರೂ ಹೇಳಲಿಲ್ಲ. ಮೂರನೆಯ ದಿನ ಅವಳು ನನ್ನ ಹೆಸರು ಹಿಡಿದು ಕರೆದ ಮೇಲೆ ನನಗೆ ಪ್ರಶ್ನೆ ಕೇಳುವ ಧೈರ್ಯ ಬಂತು. ಮೈ ತಣ್ಣಗಿತ್ತಲ್ಲ, ಯಾಕೆ?

‘ಜ್ವರ ಬರಿಸೋದು ಕ್ರಿಮಿ ಅಂದ್ಕೊಂಡೀರೇನ್ರಿ? ಮೆದುಳು’ ಎಂದರು ಡಾಕ್ಟರು.

ಸೋಂಕಿನ ಸುಳಿವು ಸಿಕ್ಕೊಡನೆ ಮೆದುಳು ಮೈಯ ಕಾವು ಏರಿಸುತ್ತದಂತೆ, ಹಸಿವು ಅಡಗಿಸುತ್ತದಂತೆ, ಸುಮ್ಮನೆ ಮಲಗು ಎನ್ನುತ್ತದಂತೆ. ಮೈಯ ರಕ್ಷಣಾಪಡೆ ಅತಿಯಾಗಿ ಎಗರಿದರೆ ಅದನ್ನು ನರಗಳ ಮೂಲಕ ಹಿಡಿದು ನಿಲ್ಲಿಸುವುದರಲ್ಲೂ ಮೆದುಳಿನ ಕೈಯಿದೆ. ಸೋಂಕು ವಿಪರೀತವಾದಾಗ ಈ ಹಿಡಿತವೇ ತಪ್ಪಬಹುದು. ಆಗ ಕಾವು ಇಳಿಯಬಹುದು, ಗುರುತು ಮರೆಯಬಹುದು. ನಾನು ಗುಣವೆಂದು ವರದಿ ಮಾಡಿದ್ದು ಅದನ್ನು.

ಮಲಗು ಎಂದು ಸ್ವಂತ ತಲೆಯೇ ಕೊಟ್ಟ ರಜೆಯನ್ನು ಮಾತ್ರೆ ನುಂಗಿ ಬೇಡವೆನ್ನುವವರು ಎಷ್ಟು ಜನ ಇದ್ದೇವೆ?

ನಿನ್ನೆ ಆಸ್ಪತ್ರೆಗೆ ಹೋದಾಗ ಅಕ್ಕ ಮಂಚದಿಂದಲೇ ಬೈಯುತ್ತಿದ್ದಳು. ಕಾಫಿಗೆ ಸಕ್ಕರೆ ಜಾಸ್ತಿಯಂತೆ. ಅತ್ತೆ ಲೋಟ ಹಿಡಿದು ನನ್ನತ್ತ ತಿರುಗಿದರು.

‘ಈಗ ಹಾಕು ತಮ್ಮಾ, ಆರಾಮಾಗ್ಯಾಳ ಅಂತ.’