ತಾನವ್ವನ ತೊಗರಿಬೇಳೆ

ಆ ಕಾಗದ ನನಗೆ ತಿಳಿದಿರಲಿಲ್ಲ. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದ ಎರಡು ಹಾಳೆಗಳು. ತಿಳಿದಿದೆ ಎಂದು ಸುಳ್ಳು ಹೇಳಿದೆ — ನನ್ನ ಓಣಿಯವರೆಲ್ಲ ಕುಳಿತಿದ್ದ ಸಭೆಯಲ್ಲಿ, ಎದ್ದು ನಿಂತು ಹೇಳಿದೆ. ಖಾನಾಪುರದ ಕುಂಬಾರ ಓಣಿಯ ಬಾವಿ ಕೆಟ್ಟಿದ್ದಕ್ಕೆ ಕಾರ್ಖಾನೆಯವರನ್ನು ಬೈಯುವವರು ಬಹಳ ಮಂದಿ ಇದ್ದಾರೆ. ಅವರ ಜೊತೆ ಸೇರಿ ನಾನೂ ಬೈದಿದ್ದೇನೆ. ನನ್ನ ಪಾಲು ಎಷ್ಟು ಎಂಬುದನ್ನು ಮಾತ್ರ ಕಳೆದ ವಾರದವರೆಗೆ ಯಾರಿಗೂ ಹೇಳಿರಲಿಲ್ಲ. ಕಟ್ಟಿಕೊಂಡ ಹೆಂಡತಿಗೂ.

ನಮ್ಮಪ್ಪ ಹಂಚಿನ ಭಟ್ಟಿಯಲ್ಲಿ ಮಣ್ಣು ತುಳಿಯುತ್ತಿದ್ದ. ಸಹಿ ಬರುತ್ತಿರಲಿಲ್ಲ. ನಾನು ಬೆಳಿಗ್ಗೆ ಗುಂಜಿ ಕಡೆಯಿಂದ ಬರುವ ಗಾಡಿ ಹಿಡಿದು ಬೆಳಗಾವಿಗೆ ಹೋಗಿ, ಸಂಜೆಯ ಗಾಡಿಗೆ ತಿರುಗಿ ಬಂದು, ಹಾಗೆ ನಾಲ್ಕು ವರ್ಷ ಓದಿ ಬಿ.ಎಸ್ಸಿ. ಆದವನು. ಒಂದು ಸಲ ನಪಾಸೂ ಆದೆ — ಅದಕ್ಕೇ ನಾಲ್ಕು ವರ್ಷ. ಓಣಿಯಲ್ಲಿ ಪದವಿ ಪಡೆದ ಮೊದಲಿಗ ನಾನೇ. ಆಮೇಲೆ ನನ್ನ ಹೆಸರು ಹಿಡಿದು ಕರೆಯುವವರೇ ಉಳಿಯಲಿಲ್ಲ. 'ಬಿಎಸ್ಸಿ ಬಂದಾ ನೋಡ್ರಿ', 'ಬಿಎಸ್ಸಿ, ಈ ಪತ್ರ ಏನ ಐತಿ ಓದಪಾ'. ಆ ಹೆಸರು ನನಗೆ ಎಷ್ಟು ಸಿಹಿಯಾಗಿತ್ತೆಂದರೆ — ಅಲ್ಲಿಂದಲೇ ತಪ್ಪು ಶುರುವಾಯಿತೋ ಏನೋ.

ತಾನವ್ವ ನಮ್ಮ ಬಾಜು ಮನೆಯವಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಜಗಳ ಬಂದರೆ ಎರಡೂ. ಗಂಡ ತೀರಿಕೊಂಡ ಮೇಲೆ ಮದುವೆ ಮನೆಗಳ ಅಡುಗೆ ಹಿಡಿಯುತ್ತಿದ್ದಳು. ಅವಳ ಬೇಳೆ ಸಾರಿಗೆ ಊರಿನಲ್ಲೇ ಹೆಸರಿತ್ತು. ಮದುವೆ ಎಲ್ಲೇ ಇರಲಿ, ನೀರು ಮಾತ್ರ ನಮ್ಮ ಓಣಿಯ ಬಾವಿಯಿಂದಲೇ ಹೋಗಬೇಕು. ಆ ನೀರಿನಲ್ಲಿ ತೊಗರಿಬೇಳೆ ಒಂದೇ ಕುದಿಗೆ ಬೆಣ್ಣೆಯಾಗುತ್ತಿತ್ತು. ಹೊಳೆಯ ಹತ್ತಿರದ ಓಣಿಗಳವರೂ ಬೇಳೆಗೆಂದು ಒಂದು ಕೊಡ ನಮ್ಮಲ್ಲಿಂದ ಒಯ್ಯುತ್ತಿದ್ದರು. ನನಗೆ ಕಾಲೇಜಿಗೆ ರೊಟ್ಟಿ ಕಟ್ಟಿಕೊಡುತ್ತಿದ್ದವಳೂ ಅವಳೇ, ನಮ್ಮವ್ವನಿಗೆ ಮೈಯಲ್ಲಿ ಆರಾಮಿಲ್ಲದ ದಿನಗಳಲ್ಲಿ.

ಎಪ್ಪತ್ತರ ದಶಕದ ನಡುವೆ, ಬಾವಿಯ ಆಚೆಗಿನ ಖಾಲಿ ಹೊಲದಲ್ಲಿ ನೂಲನ್ನು ಬಿಳುಪು ಮಾಡಿ ಬಣ್ಣ ಹಾಕುವ ಕಾರ್ಖಾನೆ ಬರುತ್ತದೆಂಬ ಸುದ್ದಿ ಬಂತು. ಓಣಿ ತಕರಾರು ಹಾಕಿತು. ಅರ್ಜಿ ಬರೆದವನು ನಾನೇ. ಬೆಳಗಾವಿಯಿಂದ ಸಾಹೇಬರೊಬ್ಬರು ತಕರಾರು ಕೇಳಲು ಬರುತ್ತಾರೆಂದು ಗೊತ್ತಾಯಿತು. ಅಲ್ಲಿಯವರೆಗೆ ಎಲ್ಲರೂ ಬರಿ ಮಾತಾಡುತ್ತಿದ್ದರು. ತಾನವ್ವ ಮಾಡಿದ್ದು ಬೇರೆ. ಅದೇ ಕಂಪನಿಯವರ ಹಳೆಯ ಕಾರ್ಖಾನೆ ಇದ್ದ ಊರಿನಲ್ಲಿ ಅವಳ ನಾದಿನಿ ಇದ್ದಳು. ಬಸ್ಸಿನಲ್ಲಿ ಅಲ್ಲಿಗೆ ಹೋದಳು. ಅಲ್ಲಿಯ ಬಾವಿಯ ನೀರನ್ನು ತಾಮ್ರದ ಕೊಡದಲ್ಲಿ ತುಂಬಿ, ಬಾಯಿಗೆ ಅರಿವೆ ಕಟ್ಟಿ, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದಳು. ಸಭೆಯ ದಿನ ಮುಂಜಾನೆ ಆ ನೀರಿಗೆ ಬೇಳೆ ಹಾಕಿ ಒಲೆಯ ಮೇಲಿಟ್ಟಳು.

ಸಭೆ ಶಾಲೆಯ ಪಡಸಾಲೆಯಲ್ಲಿ. ಜನ ಜಮಖಾನೆಯ ಮೇಲೆ, ಸಾಹೇಬರು ಮತ್ತು ಕಂಪನಿಯ ಇಂಜಿನಿಯರು ಕುರ್ಚಿಯ ಮೇಲೆ. ಇಂಜಿನಿಯರು ಮೈಸೂರು ಕಡೆಯವರು, ಮೆತ್ತನೆಯ ಮಾತಿನವರು. 'ನಿಮ್ಮಲ್ಲಿ ಓದಿದವರು ಯಾರಾದರೂ ಇದ್ದಾರಾ?' ಎಂದು ಕೇಳಿದರು. ಎಲ್ಲರ ಕೈ ನನ್ನ ಕಡೆ ತಿರುಗಿತು. ನಾನು ಎದ್ದೆ. ಅವರು ನನಗೂ ಒಂದು ಕುರ್ಚಿ ಹಾಕಿಸಿದರು.

ಆ ಕುರ್ಚಿ — ಅದನ್ನು ಹೇಗೆ ವಿವರಿಸಲಿ? ಕಟ್ಟಿಗೆಯದು, ಒಂದು ಕಾಲು ಅಲುಗಾಡುತ್ತಿತ್ತು. ನಮ್ಮಪ್ಪ ಕೆಳಗೆ, ಕಂಬಕ್ಕೆ ಒರಗಿ ಕುಳಿತಿದ್ದ. ಅವನ ಮುಖ ನೋಡಿದೆ. ಜನ್ಮದಲ್ಲಿ ಅಷ್ಟು ಹಿಗ್ಗಿದ್ದನ್ನು ನಾನು ಕಂಡಿರಲಿಲ್ಲ.

ಇಂಜಿನಿಯರು ಆ ಎರಡು ಹಾಳೆಗಳನ್ನು ನನ್ನ ಕೈಗಿತ್ತು, 'ನೀವು ಸೈನ್ಸ್ ಗ್ರ್ಯಾಜುಯೇಟು. ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊಳಕು ನೀರನ್ನು ಹೇಗೆ ಶುದ್ಧ ಮಾಡಿ ಬಿಡ್ತೀವಿ ಅಂತ ಇದರಲ್ಲಿದೆ' ಎಂದರು. ಓದಿದೆ. ಅಕ್ಷರ ತಿಳಿಯುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ಅಂಕಿಗಳು, ಉದ್ದುದ್ದ ಹೆಸರುಗಳು. ಮತ್ತೊಮ್ಮೆ ಓದಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. 'ಒಂದು ವಾರ ಕೊಡಿ, ಕಾಲೇಜಿನ ಗುರುಗಳಿಗೆ ತೋರಿಸಿ ಬರುತ್ತೇನೆ' ಎಂದಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಅನ್ನಲಿಲ್ಲ. ತಲೆಯಾಡಿಸಿದೆ.

ಅಷ್ಟರಲ್ಲಿ ತಾನವ್ವ ಎದ್ದು ಬಂದಳು. ಸೆರಗಿನಲ್ಲಿ ಹಿಡಿದ ಬಿಸಿ ಪಾತೇಲಿಯನ್ನು ಸಾಹೇಬರ ಮೇಜಿನ ಮೇಲೆ ಇಟ್ಟಳು.

'ಮುಂಜಾನಿಂದ ಕುದಿಸಾಕ ಹತ್ತೇನ್ರಿ ಸಾಹೇಬ್ರ. ಅರ್ಧಾ ಹೊರಿ ಕಟಗಿ ಸುಟ್ಟೇನಿ. ಒಂದ ಕಾಳ ಹಿಚಕಿ ನೋಡ್ರಿ. ಇವರ ಕಾರ್ಖಾನಿ ಬಾಜೂಕಿನ ಭಾವಿ ನೀರದು. ಬ್ಯಾಳೀನ ಬೇಯದ ನೀರು, ನಮ್ಮ ಹೊಟ್ಟಿಗೆ ಹೋಗಿ ಏನ ಮಾಡೀತು?'

ಜನ ಗೊಳ್ಳೆಂದು ನಕ್ಕರು. ಆದರೆ ಅದು ಅವಳ ಪರವಾದ ನಗೆ. ಸಾಹೇಬರು ನಿಜವಾಗಿಯೂ ಒಂದು ಕಾಳನ್ನು ಬೆರಳಲ್ಲಿ ಹಿಡಿದರು. ಹಿಸುಕಿದರೂ ಅದು ಮೆತ್ತಗಾಗಲಿಲ್ಲ. ಅವರು ಇಂಜಿನಿಯರ ಕಡೆ ನೋಡಿದರು. ಇಂಜಿನಿಯರ ಬಳಿ ಉತ್ತರ ಇರಲಿಲ್ಲ — ಇದನ್ನು ನಾನು ಕಣ್ಣಾರೆ ಕಂಡೆ. ಉತ್ತರ ಇದ್ದದ್ದು ನನ್ನ ಬಳಿ. ಆ ಹೊತ್ತಿನಲ್ಲಿ ನನಗೆ ಗೊತ್ತಿದ್ದ ಒಂದೇ ಒಂದು ವಿಷಯ ಅದು.

'ಸಾಹೇಬ್ರ, ಇದಕ್ಕ ಗಡಸು ನೀರು ಅಂತಾರ್ರಿ' ಎಂದೆ. 'ನೆಲದಾಗಿನ ಸುಣ್ಣದ ಗುಣ. ಎಷ್ಟೋ ಊರಾಗ ಇರತೈತಿ. ಕಾರ್ಖಾನಿಗೂ ಇದಕ್ಕೂ ಸಂಬಂಧ ಇಲ್ಲ.'

ತಾನವ್ವ ನನ್ನ ಕಡೆ ತಿರುಗಿದಳು. 'ಆ ಕಾರ್ಖಾನಿ ಬರೂಕಿಂತ ಮೊದಲ ಅಲ್ಲೂ ಬ್ಯಾಳಿ ಬೇಯತಿತ್ತಂತೋ ತಮ್ಮಾ. ನಮ್ಮ ನಾದನಿ ಹೇಳ್ಯಾಳ. ನೀ ಆ ಕಾಗದ ಓದೀಯಲ್ಲ, ಖರೇ ಹೇಳು — ಪೂರಾ ತಿಳೀತೇನು?'

ಎಲ್ಲರ ಎದುರು ಕೇಳಿದಳು. ಮೈಯೆಲ್ಲ ಉರಿಯಿತು.

'ತಿಳೀಲಾರದ ಏನೈತಿ ಅದರಾಗ? ನೀರಿಗೆ ಏನೂ ಆಗೂದಿಲ್ಲ. ಒಲಿ ಮುಂದ ಕುಂತ ಮಾತಾಡೂ ವಿಷಯ ಅಲ್ಲ ಇದು ತಾನವ್ವ. ಸಾಲಿ ಮೆಟ್ಟಲಾ ಹತ್ತಲಾರದವರು ಸುಮ್ಮ ಕುಂದರಬೇಕು.'

ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಏನೋ ಅನ್ನಲು ಬಾಯಿ ತೆರೆದವಳು — ಅನ್ನಲಿಲ್ಲ. ಪಾತೇಲಿ ಎತ್ತಿಕೊಂಡು ಹೋಗಿ ಕುಳಿತಳು. ತಕರಾರು ಅಲ್ಲಿಗೆ ಮುಗಿಯಿತು. ನಮ್ಮ ಬಿಎಸ್ಸಿಯೇ ಹೇಳಿದ ಮೇಲೆ ಇನ್ನೇನು?

ಕಾರ್ಖಾನೆ ಬಂದ ಮೂರನೆಯ ಬೇಸಿಗೆಗೆ ಬಾವಿಯ ನೀರಿನಲ್ಲಿ ಸಾಬೂನು ನೊರೆ ಬಿಡುವುದು ನಿಂತಿತು. ಆಮೇಲೆ ಬೇಳೆ ಬೇಯುವುದು ನಿಂತಿತು. ತಾನವ್ವನ ಸಾರಿಗೆ ಹೆಸರು ಕೆಟ್ಟಿತು. ಮದುವೆ ಮನೆಯವರು ಬೇರೆಯವರನ್ನು ಕರೆಯತೊಡಗಿದರು, ಅವಳು ಹಂಚಿನ ಭಟ್ಟಿಗೆ ಮಣ್ಣು ಹೊರಲು ಹೋದಳು. ನಾನು ಅಷ್ಟರಲ್ಲಿ ಬೆಳಗಾವಿಯಲ್ಲಿ ಮಾಸ್ತರನಾಗಿ ಕೋಟೆಯ ಹತ್ತಿರ ಮನೆ ಮಾಡಿದ್ದೆ. ನಮ್ಮ ನಳದ ನೀರಿನಲ್ಲಿ ಬೇಳೆ ಚೆನ್ನಾಗಿಯೇ ಬೇಯುತ್ತದೆ.

ಒಂದು ದಿನ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಬಿಳುಪು ಮಾಡುವ ಪುಡಿಯನ್ನು ತಯಾರಿಸುವುದು ಸುಣ್ಣದಿಂದ ಎಂದು ಕರಿಹಲಗೆಯ ಮೇಲೆ ಬರೆದೆ. ಸುಣ್ಣ. ಕೈ ಅಲ್ಲೇ ನಿಂತಿತು. ಕಾರ್ಖಾನೆಯವರು ನೂಲಿಗೆ ಹಾಕುವುದು ಇದೇ ಪುಡಿ; ಸಭೆಯಲ್ಲಿ ನನ್ನ ಬಾಯಿಂದ ಬಂದದ್ದೂ ಅದೇ ಸುಣ್ಣವಲ್ಲವೇ? ಗಡಸು ನೀರು, ಬಿಳುಪಿನ ಪುಡಿ — ಈ ಎರಡು ಪಾಠಗಳನ್ನೂ ನಾನು ಒಂದೇ ಪುಸ್ತಕದಲ್ಲಿ ಓದಿ ಪಾಸಾದವನು. ಓದದ ತಾನವ್ವ ಕೂಡಿಸಿ ನೋಡಿದ್ದಳು — ಒಂದು ಕೊಡ ನೀರು, ಒಂದು ಹಿಡಿ ಬೇಳೆ. ಓದಿದ ನಾನು —

ಅದಾದ ಮೇಲೂ ಆರು ವರ್ಷ ಸುಮ್ಮನಿದ್ದೆ. ಕಳೆದ ವಾರ ಹೋದೆ. ಕಾರ್ಖಾನೆಯನ್ನು ದೊಡ್ಡದು ಮಾಡುತ್ತಾರಂತೆ, ಮತ್ತೆ ತಕರಾರು ಕೇಳುತ್ತಾರಂತೆ ಎಂಬ ಸುದ್ದಿ ಕೇಳಿ ಹೋದೆ. ತಾನವ್ವ ಒಲೆಯ ಮುಂದೆ ಕುಳಿತಿದ್ದಳು. ನಿಂತೇ ಹೇಳಿದೆ: 'ತಾನವ್ವ, ಅವತ್ತ ಆ ಕಾಗದ ನನಗ ತಿಳಿದಿರಲಿಲ್ಲ.'

ಅವಳು ತಲೆ ಎತ್ತಲಿಲ್ಲ. 'ಗೊತ್ತೈತಿ. ನಿನ್ನ ಮಾರೀನ ಹೇಳತಿತ್ತಲ್ಲೋ.'

'ಮತ್ತ ಯಾಕ ಅನಲಿಲ್ಲ ನೀನು?'

'ಹೆಂಗ ಅನಲೋ? ನಿಮ್ಮಪ್ಪ ಅಲ್ಲೇ ಕುಂತಿದ್ದ. ಓಣ್ಯಾಗ ಒಂದ ಹುಡುಗ ಕಲತಿತ್ತು. ನಾಕ ಮಂದ್ಯಾಗ ಅದರ ಮಾನಾ ಕಳೀಬೇಕಾಗಿತ್ತೇನು?' ಒಲೆಗೆ ಕಟ್ಟಿಗೆ ಸರಿಸಿ ಅಂದಳು: 'ಭಾವಿ ಹೋಗತೈತಿ ಅಂತ ಅನಕೊಂಡಿದ್ದಿಲ್ಲ.'

ನನ್ನ ಮಾನಕ್ಕೆ ಇಡೀ ಓಣಿಯ ನೀರು ಹೋಯಿತು — ಆ ಮಾನವನ್ನು ಉಳಿಸಿದವಳಿಗೇ ನಾನು ಸಾಲಿಯ ಮೆಟ್ಟಿಲು ತೋರಿಸಿದ್ದೆ.

'ಸೋಮಾರ ಐತಿ ಸಭಾ' ಎಂದಳು. 'ಬಂದ ಇದನ್ನ ಹೇಳತೀಯೇನು? ಎಲ್ಲಾರ ಮುಂದ?'

'ಹೇಳತೀನಿ.'

'ಕುರ್ಚಿ ಹಾಕಿದ್ರ?'

'ಕುಂದರೂದಿಲ್ಲ.'

'ಈಗ ಇಲ್ಲೆ ಕುಂದರು. ಉಣ್ಣು.'

ರೊಟ್ಟಿ ಹಾಕಿ, ಅದರ ಬದಿಗೆ ಬೇಳೆ ಬಡಿಸಿದಳು. ಸೋಡಾ ಹಾಕಿದ್ದಳು, ಆದರೂ ಕಾಳುಗಳು ಕಾಳಾಗಿಯೇ ಉಳಿದಿದ್ದವು. ಅವಳು ನೋಡುತ್ತ ಕುಳಿತಳು. ನಾನು ಒಂದೊಂದನ್ನೂ ಅಗಿದು ನುಂಗಿದೆ.