ಮೇಡಂ ಅವರ ರಕ್ತದಲ್ಲಿ ಬೆಳೆದದ್ದು

ನಮ್ಮ ಟ್ಯೂಷನ್ ಮೇಡಂ ಬಲಗೈ ಬೆರಳುಗಳನ್ನು ಅಗಲಿಸಿ ಬೋರ್ಡಿನ ಪಕ್ಕದ ಗೋಡೆಗೆ ಫಟ್ಟನೆ ಒತ್ತಿ ಹಿಡಿಯುತ್ತಿದ್ದರು. ವರ್ಷಗಟ್ಟಲೆ ಒತ್ತಿ ಒತ್ತಿ ಅಲ್ಲಿನ ಸುಣ್ಣ ಕಪ್ಪಾಗಿತ್ತು. "ಈ ಕೈ ಬ್ಯಾಕ್ಟೀರಿಯಾ, ಈ ಗೋಡೆ ನಿಮ್ಮ ಕರುಳು. ಹೊಟ್ಟೆಗೆ ಹೋದದ್ದೆಲ್ಲ ನಿಲ್ಲಲ್ಲ ಕಣ್ರೇ. ಕರುಳಿನ ಒಳಗಡೆ ಲೋಳೆ ಇರುತ್ತೆ. ಕೂದಲಿನಂಥ ಎಳೆ ಚಾಚಿ ಆ ಲೋಳೆ ಹಿಡ್ಕೊಂಡಿದ್ದು ಉಳಿಯುತ್ತೆ, ಮಿಕ್ಕಿದ್ದು ಕೊಚ್ಕೊಂಡು ಹೋಗುತ್ತೆ. ಬನಶಂಕರಿ ಬಸ್ಸಲ್ಲಿ ಸೀಟು ಹಿಡಿದ ಹಾಗೆ. ಒಳ್ಳೇವು ಮೊದ್ಲು ಕೂತ್ರೆ ಕೆಟ್ಟವಕ್ಕೆ ಜಾಗ ಇಲ್ಲ."

ಪದ್ಮನಾಭನಗರದ ಅವರ ಮನೆಯ ಕಾರ್ ಶೆಡ್ಡೇ ನಮ್ಮ ಕ್ಲಾಸು. ಪಾಠಕ್ಕೆ ಮುಂಚೆ ಎಲ್ಲರೂ ಒಂದು ಲೋಟ ಮಜ್ಜಿಗೆ ಕುಡಿಯಲೇಬೇಕು. ಬೇಡ ಎಂದವರಿಗೆ ಬೈಗುಳ ಗ್ಯಾರಂಟಿ. ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾದಲ್ಲಿ ಎರಡು ಸಲ ಫೇಲಾಗಿದ್ದ ನನ್ನನ್ನು ಕೂರಿಸಿಕೊಂಡು ಮೈಕ್ರೋಸ್ಕೋಪ್ ನೋಡುವುದು ಕಲಿಸಿದವರು ಅವರೇ. "ದಡ್ಡಿ, ಕಣ್ಣಿಗೆ ಕಂಡಿದ್ದನ್ನ ಹೇಳು. ಕಾಣ್ಬೇಕು ಅಂತ ಅನ್ಕೊಂಡಿದ್ದನ್ನಲ್ಲ" ಎಂದು ತಲೆಗೆ ಮೊಟಕುತ್ತಿದ್ದರು. ಇವತ್ತು ನಾನು ತಿನ್ನುತ್ತಿರುವ ಅನ್ನ ಅವರದ್ದು.

ಹೋದ ವರ್ಷ ಮೇಡಂಗೆ ರಕ್ತದ ಕ್ಯಾನ್ಸರ್ ಬಂತು. ನಾನು ಲ್ಯಾಬಿನಲ್ಲಿ ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದರು. ಔಷಧದ ಹೊಡೆತಕ್ಕೆ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎನ್ನುವಂತಾದವು. ಬಾಯಿಯೆಲ್ಲ ಹುಣ್ಣು, ಕರುಳಿನ ಪೊರೆಯೂ ಹಾಗೇ ಕಿತ್ತುಹೋಗಿತ್ತು. ಬೇಯಿಸಿದ್ದು ಬಿಟ್ಟು ಬೇರೇನೂ ಬೇಡ, ಮೊಸರಂತೂ ಬೇಡವೇ ಬೇಡ ಎಂದರು ಡಾಕ್ಟರ್.

"ಅದು ಅಂಗಡಿ ಮೊಸರಿಗೆ ಹೇಳಿದ್ದು ಕಣೇ. ನಮ್ಮನೇದು ತಗೊಂಡ್ಬಾ" ಎಂದರು ಮೇಡಂ.

ತಪ್ಪು ಅಂತ ನನಗೆ ಗೊತ್ತಿತ್ತು. ಆದರೆ ಅವರಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಅವರಿಗಿಂತ ನನಗೆ ಹೆಚ್ಚು ತಿಳಿಯುತ್ತದೆಯೇ ಎಂದುಕೊಂಡು, ದಿನಾ ಮಧ್ಯಾಹ್ನ ಒಂದು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಅವರ ಮನೆಯ ಮೊಸರು ತಂದುಕೊಟ್ಟೆ. ಎರಡು ವಾರ ಕಳೆಯುವುದರೊಳಗೆ ಚಳಿಜ್ವರ ಶುರುವಾಯಿತು.

ರಕ್ತದ ಎರಡು ಬಾಟಲಿ ಪರೀಕ್ಷೆಗೆ ನನ್ನ ಟೇಬಲ್ಲಿಗೇ ಬಂದವು. ಒಂದರಲ್ಲಿ ಏನೋ ಬೆಳೆಯಿತು. ಸ್ಲೈಡಿನಲ್ಲಿ ನೇರಳೆ ಬಣ್ಣದ ಕಡ್ಡಿಗಳು, ಸಾಲುಸಾಲು. ನೋಡಿದ ಕೂಡಲೇ ಗುರುತು ಹತ್ತಿತು. ಮೇಡಂ ನನಗೆ ಮೊಟ್ಟಮೊದಲು ತೋರಿಸಿದ್ದೇ ಮೊಸರಿನ ಆ ಬ್ಯಾಕ್ಟೀರಿಯಾ. ಲ್ಯಾಬುಗಳಲ್ಲಿ ಇಂಥದ್ದು ಒಂದೇ ಬಾಟಲಿಯಲ್ಲಿ ಕಂಡರೆ, ರಕ್ತ ತೆಗೆಯುವಾಗ ಹೊರಗಿನಿಂದ ಸೇರಿದ್ದು ಅಂತ ಪಕ್ಕಕ್ಕಿಡುವುದುಂಟು. ನಾನೂ 'ಕಂಟ್ಯಾಮಿನೇಶನ್' ಎಂದು ಬರೆದೆ. ಮೊಸರಿನ ವಿಷಯ ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಎರಡನೇ ಬಾಟಲಿಯಲ್ಲೂ ಅವೇ ಕಡ್ಡಿಗಳು. ಓಡಿಹೋಗಿ ಡಾಕ್ಟರ್ ಮುಂದೆ ಎಲ್ಲ ಒದರಿಬಿಟ್ಟೆ. ಅವರು ಬೈಯಲೂ ನಿಲ್ಲದೆ ವಾರ್ಡಿಗೆ ಫೋನ್ ಮಾಡಿದರು. ಜ್ವರಕ್ಕೆ ಅಲ್ಲಿಯವರೆಗೆ ಕೊಡುತ್ತಿದ್ದ ಔಷಧ ಈ ಬ್ಯಾಕ್ಟೀರಿಯಾಕ್ಕೆ ನಾಟುವಂಥದ್ದೇ ಅಲ್ಲವಂತೆ.

ಮೇಡಂ ಐಸಿಯುನಲ್ಲಿದ್ದರು. "ಏನ್ ಬೆಳೀತೇ?" ಎಂದು ಕೇಳಿದರು. ಹೇಳಿದೆ. "ಹಿಡ್ಕೊಳ್ಳೋಕೆ ಏನೂ ಉಳ್ದಿರ್ಲಿಲ್ಲ ಅಲ್ವಾ ಅಲ್ಲಿ. ರಕ್ತದೊಳಗೇ ನುಗ್ಬಿಟ್ಟಿದೆ" ಎಂದರು. ಪಾಠದ ದನಿಯೇ. ಆಮೇಲೆ, "ನಿಂಗೆ ಯಾವತ್ತು ಕಾಣ್ತು?"

"ನಿನ್ನೆ ಮೇಡಂ."

ಅವರು ಕಣ್ಣು ಮುಚ್ಚಿಕೊಂಡರು. "ಇನ್ನೊಬ್ರಿಗೆ ಹೀಗ್ ಮಾಡ್ಬೇಡ ಕಣೇ."

ಅದಾದ ಮೂರನೆಯ ದಿನ ಹೋಗಿಬಿಟ್ಟರು. ನಾನು ಆ ಒಂದು ದಿನ ಹಾಳುಮಾಡದಿದ್ದರೆ ಬದುಕುತ್ತಿದ್ದರೇ ಎಂದು ಡಾಕ್ಟರನ್ನು ಕೇಳಿದೆ. ಹೇಳೋಕಾಗಲ್ಲಮ್ಮ ಎಂದರು.

ಈಗ 'ಕಂಟ್ಯಾಮಿನೇಶನ್' ಎಂದು ಬರೆಯುವ ಮುಂಚೆ ನಾನೇ ವಾರ್ಡಿಗೆ ಹೋಗಿ, "ಮನೆಯಿಂದ ತಿನ್ನೋಕೆ ಏನಾದ್ರೂ ತಂದ್ಕೊಡ್ತಿದೀರಾ?" ಎಂದು ರೋಗಿಯ ಕಡೆಯವರನ್ನು ಕೇಳುತ್ತೇನೆ. "ಏನೂ ಇಲ್ಲ ಮೇಡಂ" ಎನ್ನುತ್ತಾರೆ. ನಾನು ಅಲ್ಲೇ ನಿಂತು ಇನ್ನೊಮ್ಮೆ ಕೇಳುತ್ತೇನೆ. ಮೇಡಂಗೆ ಜ್ವರ ಬಂದ ದಿನ ಡಾಕ್ಟರ್ ಒಂದೇ ಸಲ ಕೇಳಿದ್ದರು. ಏನೂ ಇಲ್ಲ ಎಂದು ನಾನೂ ಹೇಳಿದ್ದೆ.